ಮಗುವಿನ ಗಾಡಿಗೆ ತೆಗೆದ ಅಳತೆ

ಶನಿವಾರ ಬೆಳಿಗ್ಗೆ ದರ್ಜಿ ತಮ್ಮ ಹಳೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಮನೆಯನ್ನೆಲ್ಲ ಅಳೆದರು. ಮುಂಬಾಗಿಲು ಇಪ್ಪತ್ತೊಂಬತ್ತು ಇಂಚು. ಕೆಳಗೆ ಬೀದಿಯ ಗೇಟು ಮೂವತ್ತನಾಲ್ಕು. ಮೆಟ್ಟಿಲಡಿ ನೀರಿನ ಮೀಟರಿನ ಪಕ್ಕದ ಮೂಲೆ, ಅಗಲ ಇಪ್ಪತ್ತಾರು, ಎತ್ತರ ನಲವತ್ತೆಂಟು. ಒಂದೊಂದನ್ನೂ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡರು. ನಲವತ್ತೆರಡು ವರ್ಷ ಊರವರಿಗೆ ಬಟ್ಟೆ ಹೊಲಿದ ಕೈ ಅದು. ಅಳತೆ ಇಲ್ಲದೆ ಕತ್ತರಿ ಮುಟ್ಟುತ್ತಿರಲಿಲ್ಲ.

"ಅಪ್ಪ, ನಾವು ತರೋಕೆ ಹೊರಟಿರೋದು ಮಗುವಿನ ಗಾಡಿ, ಬೀರು ಅಲ್ಲ," ಎಂದಳು ಮಗಳು.

"ಬೀರು ಆಗಿದ್ರೆ ಇಷ್ಟು ತಲೆ ಕೆಡಿಸ್ಕೊಳ್ತಿರಲಿಲ್ಲ. ಅದು ನಿಲ್ಲಿಸಿದ ಕಡೆ ನಿಂತಿರುತ್ತೆ."

ಎಂಟು ತಿಂಗಳ ಮೊಮ್ಮಗಳು ಹಾಸಿಗೆಯ ಮೇಲೆ ತನ್ನ ಕಾಲುಚೀಲವನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಅವಳನ್ನು ತಾತ ಕರೆಯುತ್ತಿದ್ದದ್ದು ಗುಂಡಿ ಎಂದು. ಅಂಗಿಯ ಗುಂಡಿಯ ಹಾಗೆ ದುಂಡಗಿದ್ದಾಳೆ, ಇವಳೊಬ್ಬಳು ಇಲ್ಲದಿದ್ದರೆ ಮನೆಯೇ ಬಿಚ್ಚಿಕೊಳ್ಳುತ್ತದೆ ಎನ್ನುತ್ತಿದ್ದರು.

ಸೋಮವಾರದಿಂದ ಮಗಳಿಗೆ ಕೆಲಸ. ರಕ್ತಪರೀಕ್ಷೆಯ ಲ್ಯಾಬಿನವರು ಕೊಟ್ಟಿದ್ದ ರಜೆ ಮುಗಿದಿತ್ತು. ಅಳಿಯ ಲಾರಿ ಓಡಿಸುವವನು. ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗುವನ್ನು ಅಜ್ಜಿ ನೋಡಿಕೊಳ್ಳುವುದೆಂದು ಹುಟ್ಟುವ ಮೊದಲೇ ಮಾತಾಗಿತ್ತು. ಆದರೆ ಮಗುವಿಗೆ ಎರಡು ತಿಂಗಳು ತುಂಬಿದ ವಾರ, ಒಂದು ಮಧ್ಯಾಹ್ನ, ಊಟದ ತಟ್ಟೆಗಳನ್ನು ತೊಳೆದಿಟ್ಟು ಮಲಗಿದ ಅಜ್ಜಿ ಮತ್ತೆ ಏಳಲಿಲ್ಲ. ದೇವರು ಮೆತ್ತಗೆ ಕರೆದುಕೊಂಡ ಎಂದು ಬಂದವರೆಲ್ಲ ಹೇಳಿದರು. ದರ್ಜಿ ತಲೆಯಾಡಿಸಿದರು. ಆಮೇಲೆ ಅವರು ಮೂರು ಮಹಡಿ ಇಳಿದು ಬೀದಿಗೆ ಬಂದದ್ದು ಬೆರಳೆಣಿಕೆಯಷ್ಟು ಸಲ.

"ನಾನೇ ನೋಡ್ಕೋತೀನಿ" ಎಂದು ಅವರು ಹೇಳಿ ಎರಡು ವಾರವಾಗಿತ್ತು. ಮಗಳು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ನಿನ್ನೆ ಬಾಯಿಬಿಟ್ಟಿದ್ದಳು.

"ದಿನಪೂರ್ತಿ ಮಗೂನ ನಾಲ್ಕು ಗೋಡೆ ಮಧ್ಯೆ ಇಟ್ಕೊಳ್ಳೋ ಹಾಗಿಲ್ಲ ಅಪ್ಪ. ನಿಮಗೂ ಅದು ಒಳ್ಳೇದಲ್ಲ. ನೀವೊಬ್ಬರೇ ಸಂಭಾಳಿಸೋ ಅಂಥ ಗಾಡಿ ಸಿಕ್ಕಿದ್ರೆ ಗುಂಡಿ ನಿಮ್ಮ ಹತ್ರ. ಇಲ್ದಿದ್ರೆ ಶಿಶುವಿಹಾರ. ಅಲ್ಲಿ ಹೆಸರು ಕೊಟ್ಟಿದ್ದೀನಿ. ಬೇಜಾರು ಮಾಡ್ಕೋಬಾರದು."

ಬೇಜಾರಿಲ್ಲ ಎಂದಿದ್ದರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ.

ಮಗುವನ್ನೂ ಎತ್ತಿಕೊಂಡು ಹೊಕ್ಕ ಅಂಗಡಿ ದೊಡ್ಡದು. ಗೋಡೆಯುದ್ದಕ್ಕೂ ಎರಡು ಸಾಲು ಗಾಡಿಗಳು. ಕನ್ನಡಕವನ್ನು ತಲೆಗೇರಿಸಿಕೊಂಡಿದ್ದ ಅಂಗಡಿಯಾಕೆ ಎಲ್ಲಕ್ಕಿಂತ ಭರ್ಜರಿಯಾದದ್ದನ್ನು ಮುಂದೆ ತಂದು ನಿಲ್ಲಿಸಿದಳು.

"ಇದರಲ್ಲಿ ಕಾಫಿ ಲೋಟ ಇಡೋಕೆ ಜಾಗ ಇದೆ ಯಜಮಾನ್ರೇ. ಫೋನ್ ಇಡೋಕಿದೆ, ಛತ್ರಿ ಸಿಕ್ಕಿಸೋಕಿದೆ."

"ಮಗು ಕೂರಿಸೋಕೆ ಇದೆಯಾ ತಾಯಿ?"

ಆಕೆ ನಕ್ಕಳು. ದರ್ಜಿ ಟೇಪು ಹಿಡಿದರು. ಮಡಿಸಿದರೂ ಮೂವತ್ತು ಇಂಚು. ತಲೆಯಲ್ಲಾಡಿಸಿ ಮುಂದೆ ಹೋದರು.

ಮಗಳ ಕಣ್ಣು ಹಗುರವಾದ ಒಂದು ಗಾಡಿಯ ಮೇಲೆ ಬಿದ್ದಿತ್ತು. ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದಳು. "ನೋಡಿ ಅಪ್ಪ, ಹೂವಿನ ಹಾಗಿದೆ. ಮೂರು ಮಹಡಿ ಹತ್ತಿಸೋಕೆ ಇದೇ ಸರಿ."

ದರ್ಜಿ ಕೂತು, ಆಸನದ ಬಟ್ಟೆಯನ್ನು ಮಗುಚಿ ಒಳಗಿನ ಹೊಲಿಗೆ ನೋಡಿದರು. ಬೆಲ್ಟು ಸೇರುವ ಕಡೆ ಒಂದೇ ಸಾಲು ಹೊಲಿಗೆ, ಅದೂ ಅಂಚಿಗೆ ತೀರ ಹತ್ತಿರ. ತುದಿಯಲ್ಲಿ ದಾರ ಇಳಿಬಿದ್ದಿತ್ತು.

"ಇದನ್ನ ಹೊಲಿದವನಿಗೆ ಮನೆಗೆ ಹೋಗೋ ಅವಸರ ಇತ್ತು," ಎಂದರು. "ಚಕ್ರ ನೋಡು, ದಾರದ ರೀಲಿನಷ್ಟಿದೆ. ನಮ್ಮ ಬೀದಿಯ ಕಲ್ಲುಚಪ್ಪಡಿಗಳ ಸಂದಿಗೆ ಸಿಕ್ಕಿದ್ರೆ ಮಗು ಮುಂದಕ್ಕೆ ಮುಗ್ಗರಿಸುತ್ತೆ."

"ದೊಡ್ಡ ಚಕ್ರದ್ದು ಭಾರ ಇರುತ್ತೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಗಾಡಿ, ಕಂಬಿ ಹಿಡಿಯೋಕೆ ಮೂರನೇ ಕೈ ಎಲ್ಲಿಂದ ತರ್ತೀರಿ?"

"ಗಾಡಿ ಯಾಕೆ ಮೇಲೆ ಬರಬೇಕು? ಅದು ಮೆಟ್ಟಿಲಡಿ ಮಲಗಲಿ. ಮನೆ ಮಾಲೀಕರನ್ನ ಕೇಳಿದ್ದೀನಿ, ಬೀಗ ಹಾಕ್ಕೊಳ್ಳಿ ಅಂದ್ರು. ನಾನು ಇಳಿಸೋದು ಮಗೂನ ಮಾತ್ರ. ಇನ್ನೊಂದು ಕೈ ಕಂಬಿಗೆ."

ಮಗಳು ಎತ್ತಿದ್ದ ಗಾಡಿಯನ್ನು ಕೆಳಗಿಟ್ಟಳು. ಎರಡು ವಾರ ಅವಳ ತಲೆ ತಿಂದದ್ದು ಇದೇ ಮೆಟ್ಟಿಲು. ಗಾಡಿಯನ್ನು ಕೆಳಗೇ ಬಿಡಬಹುದೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ಹಾಗಾದ್ರೆ ಇದನ್ನ ನೋಡಿ," ಎಂದು ಅಂಗಡಿಯಾಕೆ ಮೂಲೆಯಿಂದ ಬೂದುಬಣ್ಣದ್ದೊಂದನ್ನು ತಳ್ಳಿಕೊಂಡು ಬಂದಳು. ಅಂಗೈ ಅಗಲದ ರಬ್ಬರ್ ಚಕ್ರಗಳು. ಬೆಲ್ಟಿಗೆ ಜೋಡಿ ಹೊಲಿಗೆ, ಅದರ ಮೇಲೆ ಅಡ್ಡ ಹೊಲಿಗೆ. ಬಟ್ಟೆಯನ್ನು ಬಿಚ್ಚಿ ಒಗೆಯಬಹುದು. ಬ್ರೇಕು ಹಾಕಿ ದರ್ಜಿ ಮೈಭಾರವನ್ನೆಲ್ಲ ಬಿಟ್ಟು ದೂಡಿದರು, ಅಲುಗಲಿಲ್ಲ. ಮಡಿಸಿದರೆ ಇಪ್ಪತ್ತನಾಲ್ಕು ಇಂಚು. ಅವರ ಮುಖ ಅರಳಿತು.

"ಹಿಡಿಯನ್ನ ಏರಿಸಿ ಇಳಿಸಬಹುದು. ಎಷ್ಟಕ್ಕೆ ಇಡಲಿ?" ಎಂದಳು ಅಂಗಡಿಯಾಕೆ.

ದರ್ಜಿ ಪುಸ್ತಕ ನೋಡಿದರು. "ಮೂವತ್ತಾರು ಇಂಚು."

ಆಕೆ ಇಳಿಸಿದಳು. ಮಗುವನ್ನು ಕೂರಿಸಿ ದರ್ಜಿ ತಳ್ಳಿದರು. ನಾಲ್ಕು ಹೆಜ್ಜೆಗೆ ಬೆನ್ನು ಬಾಗಿತು. ಬಲಗಾಲು ಹಿಂದಿನ ಚಕ್ರಕ್ಕೆ ಎಡವಿತು. ಮತ್ತೆ ತಳ್ಳಿದರು, ಮತ್ತೆ ಎಡವಿದರು. ಸಾಲಿನ ಕೊನೆ ಮುಟ್ಟಿ ತಿರುಗುವಷ್ಟರಲ್ಲಿ ಒಂದು ಕೈ ಸೊಂಟಕ್ಕೆ ಹೋಗಿತ್ತು.

ಮಗಳ ಮುಖದಲ್ಲಿ ಆಗಷ್ಟೇ ಬಂದಿದ್ದ ಬೆಳಕು ಇಳಿಯಿತು. "ಸೊಂಟ ಹಿಡೀತಾ ಅಪ್ಪ?"

"ಇಲ್ಲ ಇಲ್ಲ. ಹೊಸದಲ್ವಾ, ರೂಢಿ ಆಗುತ್ತೆ."

"ದಿನಾ ಹೀಗೆ ಬಗ್ಗಿದ್ರೆ ವಾರದಲ್ಲಿ ನಿಮ್ಮನ್ನ ಕೂರಿಸಿ ನಾನು ತಳ್ಳಬೇಕಾಗುತ್ತೆ." ಅವಳು ದನಿ ಇಳಿಸಿದಳು. "ಬಿಡಿ. ಶಿಶುವಿಹಾರದವರೂ ಒಳ್ಳೆಯವರೇ. ಸಂಜೆ ನಾನು ಬಂದ ಮೇಲೆ ಗುಂಡಿ ಜೊತೆ ಆಡಬಹುದು."

ದರ್ಜಿ ಪುಸ್ತಕ ತೆರೆದು ತೋರಿಸಿದರು. "ಹಿಡಿ ಸರಿಯಾಗೇ ಇದೆ. ಅಳತೆ ಪುಸ್ತಕದಲ್ಲಿದೆ."

"ಯಾವಾಗ ಅಳೆದ್ರಿ? ಬಾಗಿಲು ಅಳೆಯೋದು ನೋಡಿದೆ, ಮೆಟ್ಟಿಲಡಿ ನೋಡಿದೆ. ನಿಮ್ಮ ಮೈಗೆ ಟೇಪು ತಾಗಿದ್ದು ನಾನು ನೋಡಲಿಲ್ಲ."

ಅವರು ಯೋಚಿಸಿದರು. ಅಳೆದಿರಲಿಲ್ಲ. ಗಾಡಿಯ ಹಿಡಿ ಎಂದು ಬರೆದೊಡನೆ ಪೆನ್ಸಿಲು ತಾನಾಗಿ ಮೂವತ್ತಾರು ಎಂದು ಬರೆದಿತ್ತು. ಊರವರ ಅಳತೆಯನ್ನೆಲ್ಲ ಪುಸ್ತಕದಲ್ಲಿ ಇಟ್ಟವರು, ಮನೆಯವರ ಅಳತೆಯನ್ನು ಎಂದೂ ಬರೆದಿಟ್ಟವರಲ್ಲ. ಅದು ಕೈಯಲ್ಲೇ ಇರುತ್ತಿತ್ತು. ಮೊಣಕೈಯಿಂದ ನೆಲಕ್ಕೆ ಮೂವತ್ತಾರು.

ಅವರು ಹಿಡಿಯ ಮೇಲೆ ಕೈಯಿಟ್ಟರು.

"ಇದು ನಿಮ್ಮಮ್ಮನ ಅಳತೆ," ಎಂದರು.

ಅಂಗಡಿಯಾಕೆಗೆ ಏನು ತೋಚಿತೋ, ಪಕ್ಕದ ಸಾಲಿನ ಗಾಡಿಗಳನ್ನು ಒರೆಸಲು ಹೋದಳು. ಮಗಳು ಮಗುವಿನ ಬಾಯೊರೆಸುವ ಬಟ್ಟೆಯಿಂದಲೇ ಕಣ್ಣೊರೆಸಿಕೊಂಡಳು. ಗುಂಡಿ ಇಬ್ಬರನ್ನೂ ನೋಡಿ, ಹಸಿವಾಗಿದೆಯೇ ಇಲ್ಲವೇ ಎಂದು ತೀರ್ಮಾನಿಸುವವಳ ಹಾಗೆ ತುಟಿ ಚಾಚಿದಳು.

"ತಳ್ಳೋಳು ಅವಳೇ ಅಂತ ನನ್ನ ಕೈ ಅಂದ್ಕೊಂಡಿದೆ," ಎಂದರು ದರ್ಜಿ. "ನಾನು ಹೇಳಿದ್ರೂ ಕೇಳ್ತಿಲ್ಲ ನೋಡು."

ಮಗಳು ಅವರ ಕೊರಳಿನಿಂದ ಟೇಪು ತೆಗೆದಳು. "ನೆಟ್ಟಗೆ ನಿಂತ್ಕೊಳ್ಳಿ. ಕೈ ಮಡಿಸಿ. ಉಸಿರು ಬಿಗಿಹಿಡೀಬೇಡಿ, ಇದು ಸೊಂಟದ ಅಳತೆ ಅಲ್ಲ."

ಎಷ್ಟೋ ಸಾವಿರ ಜನರ ಅಳತೆ ತೆಗೆದ ಮನುಷ್ಯ ತನ್ನ ಅಳತೆ ಕೊಡಲು ನಾಚಿಕೊಂಡು, ಶಾಲೆಯ ಹುಡುಗನಂತೆ ಎದುರಿನ ಗೋಡೆ ನೋಡುತ್ತ ನಿಂತರು. ಮಗಳು ಮಂಡಿಯೂರಿ ಟೇಪಿನ ತುದಿಯನ್ನು ನೆಲಕ್ಕೆ ಒತ್ತಿದಳು.

"ನಲವತ್ತೊಂದು."

"ಟೇಪು ಬಿಗಿಯಾಗಿ ಹಿಡಿದೆ ತಾನೆ?"

"ಹಿಡಿದೆ. ನಿಮ್ಮ ಮಗಳೇ ನಾನು."

ಅಂಗಡಿಯಾಕೆ ಬಂದು ಹಿಡಿಯನ್ನು ಏರಿಸಿದಳು. ದರ್ಜಿ ತಳ್ಳಿದರು. ಬೆನ್ನು ನೆಟ್ಟಗಿತ್ತು, ಕಾಲು ಸರಾಗವಾಗಿ ಬೀಸುತ್ತಿತ್ತು. ಸಾಲಿನ ಕೊನೆವರೆಗೆ ಹೋಗಿ, ತಿರುಗಿ, ಅವಸರವಿಲ್ಲದೆ ಬಂದರು. ಮಗಳು ಅವರ ಪಾದಗಳನ್ನೇ ನೋಡುತ್ತಿದ್ದಳು.

"ಇನ್ನು ಮಡಿಸಿದ ಗಾಡಿ ಬಿಚ್ಚೋದು," ಎಂದಳು. "ಕೆಳಗೆ ಇಳಿದಾಗ ಮಗು ಕೈಯಲ್ಲೇ ಇರುತ್ತೆ."

ಅಂಗಡಿಯಾಕೆ ಒಂದು ಸಲ ತೋರಿಸಿಕೊಟ್ಟಳು. ಗುಂಡಿಯನ್ನು ಎಡತೋಳಿಗೆ ಏರಿಸಿಕೊಂಡು ದರ್ಜಿ ಬಲಗೈಯಿಂದ ಕೊಂಡಿ ತಪ್ಪಿಸಿ ಹಿಡಿ ಎಳೆದರು. ಗಾಡಿ ಅರ್ಧ ತೆರೆದು ನಿಂತಿತು. ಎರಡನೇ ಸಲ ತೆರೆಯಿತು, ಆದರೆ ಬ್ರೇಕು ಹಾಕಿರದ ಕಾರಣ ಜಾರಿಹೋಯಿತು. ಮಗಳ ಕೈ ತಾನಾಗಿ ಮುಂದೆ ಬಂತು. ಅವಳೇ ಅದನ್ನು ಹಿಂದಕ್ಕೆ ಕಟ್ಟಿಕೊಂಡಳು. ಮೂರನೇ ಸಲ ಅವರು ಮೊದಲು ಕಾಲಿನಿಂದ ಬ್ರೇಕು ಒತ್ತಿದರು, ಆಮೇಲೆ ಕೊಂಡಿ, ಆಮೇಲೆ ಹಿಡಿ. ಟಕ್ ಎಂದು ಸದ್ದಾಯಿತು. ಮಗುವನ್ನು ಕೂರಿಸಿ ಐದೂ ಬೆಲ್ಟು ಹಾಕಿ, ಬೆರಳು ತೂರಿಸಿ ಬಿಗಿ ನೋಡಿದರು, ಹೊಸ ಅಂಗಿಯ ಕಾಲರು ನೋಡುವ ಹಾಗೆ. ಇನ್ನೂ ಎರಡು ಸಲ, ಯಾರೂ ಹೇಳದೆ, ಮೊದಲಿನಿಂದ ಮಾಡಿ ತೋರಿಸಿದರು.

ಹೊರಗೆ ಬಿಸಿಲು ಹದವಾಗಿತ್ತು. ಮನೆಗೆ ಬಸ್ಸಿನಲ್ಲಾದರೆ ನಾಲ್ಕನೇ ನಿಲ್ದಾಣ, ನಡೆದರೆ ಅರ್ಧ ಗಂಟೆ. ಬಸ್ಸು ಬಂದಾಗ ಮಗಳು ಚೀಲವನ್ನು ಹೆಗಲಿಗೇರಿಸಿದಳು.

"ನಾನು ಇದರಲ್ಲಿ ಹೋಗ್ತೀನಿ ಅಪ್ಪ. ನೀವಿಬ್ರೂ ನಡ್ಕೊಂಡು ಬನ್ನಿ."

"ಇಬ್ರೇನಾ?"

"ಸೋಮವಾರ ನಾನೆಲ್ಲಿರ್ತೀನಿ? ಶಿಶುವಿಹಾರಕ್ಕೆ ಈಗಲೇ ಫೋನ್ ಮಾಡಿ ಬೇಡ ಅಂತೀನಿ." ಮೆಟ್ಟಿಲೇರಿ ತಿರುಗಿದಳು. "ಆಗಾಗ ಅವಳ ಟೋಪಿ ನೋಡ್ತಿರಿ. ಕಿತ್ತೆಸೀತಾಳೆ."

ಬಸ್ಸು ಹೋಯಿತು. ದರ್ಜಿ ಎರಡು ಕೈಯಲ್ಲೂ ಹಿಡಿಯನ್ನು ಹಿಡಿದು ದೊಡ್ಡ ರಸ್ತೆಯ ಅಂಚಿಗೆ ಬಂದು ನಿಂತರು. ಲಾರಿ, ಕಾರು, ಸೈಕಲ್ಲು ಬಿಡುವಿಲ್ಲದೆ ಹರಿಯುತ್ತಿದ್ದವು. ಆರು ತಿಂಗಳಿಂದ ಅವರು ದೇವರ ಮುಂದೆ ಕೂತಾಗಲೆಲ್ಲ, ಯಾಕೆ ಅವಳನ್ನು ಕರೆದುಕೊಂಡೆ ಎಂದು ಒಂದನ್ನೇ ಕೇಳುತ್ತಿದ್ದರು. ಈಗ ನಿಂತಲ್ಲೇ, ಸ್ವಾಮಿ, ಆ ಕೆಂಪು ಲಾರಿಯವನು ಸ್ವಲ್ಪ ನಿಲ್ಲಿಸಲಿ ಎಂದು ಬೇಡಿಕೊಂಡರು. ಲಾರಿಯವನು ನಿಲ್ಲಿಸಲಿಲ್ಲ. ಅವನ ಹಿಂದೆ ಬಂದ ಕಾರಿನಾಕೆ ನಿಲ್ಲಿಸಿ, ಹೋಗಿ ಎಂದು ಕೈಬೀಸಿದಳು. ಗುಂಡಿ ಟೋಪಿಯನ್ನು ಆಗಲೇ ಕಿತ್ತು ಮಡಿಲಲ್ಲಿಟ್ಟುಕೊಂಡಿದ್ದಳು. ಆಚೆ ಬದಿಗೆ ಮುಟ್ಟಿದ ಮೇಲೆ ಹಾಕಿದರಾಯಿತು ಎಂದುಕೊಂಡು ದರ್ಜಿ ಗಾಡಿಯನ್ನು ರಸ್ತೆಗೆ ಇಳಿಸಿದರು.