ಪ್ರಾಯೋಜಕರು ತುಂಬಿಸಿದ ಹಳ್ಳ

ಚಾರ್ಜ್ ಮುಗಿದು ಕಪ್ಪಗಾದ ಫೋನಿನಲ್ಲಿ, ಒಂದೇ ಕರೆಗೆ, ನಲವತ್ತು ಕಂಪನಿಗಳ ಯಜಮಾನರನ್ನು ಒಟ್ಟಿಗೆ ಬಿಕ್ಕಿ ಬಿಕ್ಕಿ ಅಳಿಸಿದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನೇ ಈ ಕಥೆಯಲ್ಲಿ ಬರುವ ಕಲಾವಿದೆಯ ತಮ್ಮ. ಅಕ್ಕನ ಪ್ರದರ್ಶನದ ಖರ್ಚು ತಾವು ನೋಡಿಕೊಳ್ಳುತ್ತೇವೆಂದು ನಲವತ್ತೂ ಮಂದಿ ಕಾಲಿಗೆ ಬಿದ್ದರು. ಮೂವತ್ತೊಂಬತ್ತು ಮಂದಿಯನ್ನು ಹಿಂದಕ್ಕೆ ಕಳಿಸಿ, ಹಾಸಿಗೆ ತಯಾರಿಸುವ ಕಂಪನಿಯೊಂದನ್ನು ಮಾತ್ರ, ಹೋಗಲಿ ಪಾಪ ಎಂದು, ಅವನು ಪ್ರಾಯೋಜಕರಾಗಲು ಬಿಟ್ಟ.

ಅಕ್ಕ ಇಪ್ಪತ್ತು ವರ್ಷಗಳಿಂದ ಕಲೆಯನ್ನೇ ನೆಚ್ಚಿಕೊಂಡಿದ್ದಳು. ಅವಳ ಕೆಲಸ ನೋಡಿದವರನ್ನು ಲೆಕ್ಕ ಹಾಕಲು ಒಂದು ಕೈ ಸಾಕು, ಅದರಲ್ಲೂ ಎರಡು ಬೆರಳು ಮಿಗುತ್ತಿದ್ದವು. ಈ ಸಲ ಅವಳು ಬಣ್ಣವನ್ನೂ ಮುಟ್ಟಿರಲಿಲ್ಲ, ಕುಂಚವನ್ನೂ ಮುಟ್ಟಿರಲಿಲ್ಲ. ಅಮ್ಮ ಆರು ವರ್ಷ ಮಲಗಿದಲ್ಲೇ ಇದ್ದು, ಹೋದ ವರ್ಷ ತೀರಿಕೊಂಡಿದ್ದಳು. ಅವಳು ಮಲಗಿದ್ದ ಹತ್ತಿ ಹಾಸಿಗೆಯನ್ನೇ ಅಕ್ಕ ತಂದು ಗ್ಯಾಲರಿಯ ಬರಿ ನೆಲದ ಮೇಲೆ ಹಾಸಿ, ಮೇಲಿನಿಂದ ಒಂದು ದೀಪ ಇಳಿಬಿಟ್ಟಿದ್ದಳು. ಕಲಾಕೃತಿ ಅಷ್ಟೇ. ಹಾಸಿಗೆಯ ನಡುವೆ ಅಮ್ಮನ ಭುಜ, ಸೊಂಟ, ಮೊಣಕಾಲು ಊರಿ ಊರಿ ಬಿದ್ದ ಹಳ್ಳವಿತ್ತು. ದೀಪ ಹಾಕಿದಾಗ ಆ ಹಳ್ಳದಲ್ಲಿ ನೆರಳು ತುಂಬುತ್ತಿತ್ತು. ಗ್ಯಾಲರಿಯ ಕಾವಲಿನವನು ಅದನ್ನು ಕಂಡು ತೆಗೆದ ಟೋಪಿ ಒಂದು ವಾರವಾದರೂ ಮತ್ತೆ ತಲೆಗೆ ಏರಲಿಲ್ಲ.

“ಇದನ್ನ ಯಾರೂ ಮುಟ್ಟೋದು ಬೇಡ ಕಣೋ. ಕೂರೋದಂತೂ ಬೇಡವೇ ಬೇಡ. ಈ ಹಳ್ಳ ಹೋದ್ರೆ ಅಮ್ಮ ಇನ್ನೊಂದ್ಸಲ ಹೋದ ಹಾಗೆ,” ಎಂದು ತಮ್ಮನಿಗೆ ನೂರು ಸಲ ಹೇಳಿ, ಉದ್ಘಾಟನೆಯ ದಿನ ಬೆಳಿಗ್ಗೆ ಅಕ್ಕ ಕ್ಯಾಟಲಾಗ್ ತರಲು ಪ್ರೆಸ್ಸಿಗೆ ಹೋದಳು. ಸಂಜೆ ಐದಕ್ಕೆ ಜನ ಬರುವವರಿದ್ದರು.

ಕಂಪನಿಯ ಜಾಹೀರಾತು ನೋಡಿಕೊಳ್ಳುವ ಮೇಡಂ ಒಂಬತ್ತಕ್ಕೇ ಬಂದರು. ಗೋಡೆಯ ಮೇಲೆ ಅಕ್ಕನ ಹೆಸರು ಅಂಗೈ ಅಗಲ, ಕಂಪನಿಯ ಹೆಸರು ಬಾಗಿಲಗಲ. ಮೇಡಂ ಹೆಸರು ನೋಡಿ ನಕ್ಕರು. ಕೆಳಗಿನ ಹಾಸಿಗೆ ನೋಡಿ ನಗು ನಿಲ್ಲಿಸಿದರು.

“ಇದೇನ್ ಸರ್, ಹಳ್ಳ ಬಿದ್ದಿದೆಯಲ್ಲ?”

“ಅದೇ ಮೇಡಂ ಇರೋದು. ಅದನ್ನ ನೋಡಕ್ಕೇ ಜನ ಬರೋದು.”

“ಬರ್ಲಿ ಸರ್, ಬೇಡ ಅನ್ನಲ್ಲ. ಆದ್ರೆ ಮೇಲ್ಗಡೆ ನಮ್ಮ ಹೆಸರಿದೆ. ಬೆನ್ನು ನೋವಿನವರೆಲ್ಲ ಬಂದು, ಓಹೋ ಇವರ ಹಾಸಿಗೆ ಹೀಗಾಗತ್ತೆ ಅಂದ್ಕೊಂಡ್ರೆ? ನಮ್ಮ ಸರ್ವೀಸ್‌ನವರನ್ನ ಕಳಿಸ್ತೀನಿ. ಹತ್ತಿ ಹಿಂಜಿ, ತುಂಬಿ, ಬಟ್ಟೆ ಒಗೆದು ಮಧ್ಯಾಹ್ನಕ್ಕೆ ತಂದಿಡ್ತಾರೆ. ನಮ್ಮ ಕಡೆಯಿಂದ ಒಂದು ಉಡುಗೊರೆ ಅಂದ್ಕೊಳಿ.”

ಆಗ ತಮ್ಮ ಗುಡುಗಿದ ರಭಸಕ್ಕೆ ಮೂರು ಬೀದಿಯಾಚೆ ತೊಟ್ಟಿಲಲ್ಲಿದ್ದ ಕೂಸುಗಳೆಲ್ಲ ಎದ್ದು ಕೂತವು. ಕಲೆ ಎಂದರೇನು, ಜಾಹೀರಾತು ಎಂದರೇನು, ಕೈ ಹಿಡಿದು ನಡೆಸುವುದಕ್ಕೂ ಕುತ್ತಿಗೆ ಹಿಡಿದು ನಡೆಸುವುದಕ್ಕೂ ಇರುವ ವ್ಯತ್ಯಾಸವೇನು ಎಂದು ನಿಂತ ನಿಲುವಿನಲ್ಲೇ ಭಾಷಣ ಮಾಡಿದ. ಮೇಡಂ ಕಣ್ಣೊರೆಸಿಕೊಂಡು ಹೊರಟುಹೋದರು. ಆದರೆ ಮೋಸ ನೋಡಿ, ಹತ್ತೇ ನಿಮಿಷದಲ್ಲಿ ಏಳು ಮಂದಿ ದಾಂಡಿಗರು ಒಳಗೆ ನುಗ್ಗಿದರು. ಇಬ್ಬರನ್ನು ತಮ್ಮ ಕಂಕುಳಲ್ಲಿ ಅದುಮಿ ಹಿಡಿದ. ಉಳಿದ ಐವರು ಹಾಸಿಗೆ ಹೊತ್ತು ಓಡಿದರು.

ಎರಡು ಗಂಟೆಗೆ ಹಾಸಿಗೆ ವಾಪಸು ಬಂತು. ಉಬ್ಬಿಕೊಂಡು, ಬೆಳ್ಳಗೆ, ನಾಲ್ಕೂ ಮೂಲೆ ಬಿಗಿಯಾಗಿ. ಅಮ್ಮನ ಎಣ್ಣೆ, ಔಷಧಿಯ ವಾಸನೆಯೆಲ್ಲ ಹೋಗಿ ಸಾಬೂನು ಘಮಘಮಿಸುತ್ತಿತ್ತು. ಅದರ ಬೆನ್ನಿಗೇ ಅಕ್ಕ ಬಂದಳು.

ತಮ್ಮ ಏಳು ಮಂದಿಯ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿದ. ಅಕ್ಕ ಅಳಲೂ ಇಲ್ಲ, ಬೈಯಲೂ ಇಲ್ಲ. ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಮಲಗಿದಳು. ಸ್ವಲ್ಪ ಹೊತ್ತು ಬಿಟ್ಟು ಎದ್ದಳು. ಹತ್ತಿಯೂ ಅವಳ ಹಿಂದೆಯೇ ಎದ್ದು ನಿಂತಿತು.

“ನೀನು ಮಲಗು,” ಎಂದಳು. “ಅಮ್ಮನ ಮೈಕಟ್ಟು ಬಂದಿರೋದು ನಿಂಗೆ.”

ತಮ್ಮ ಮಲಗಿದ. ಅಕ್ಕ ಅವನ ಸೊಂಟದ ಮೇಲೆ ಕ್ಯಾಟಲಾಗಿನ ಒಂದು ಕಟ್ಟು ಇಟ್ಟಳು, ಮೊಣಕಾಲಿನ ಮೇಲೆ ಇನ್ನೊಂದು. ಮಂಡಿಯೂರಿ ಕೂತು, ಎರಡೂ ಅಂಗೈಯಿಂದ ಅವನ ಭುಜವನ್ನು ಒತ್ತಿ ಹಿಡಿದಳು. “ಅಲುಗಾಡಬೇಡ. ಉಸಿರು ಜೋರಾಗಿ ಬಿಡಬೇಡ.” ಮೂರು ಗಂಟೆಗೆ ಎಬ್ಬಿಸಿ ನೋಡಿದಳು. ಹತ್ತಿ ಸಪಾಟಾಗಿ ನಗುತ್ತಿತ್ತು. ಮತ್ತೆ ಮಲಗಿಸಿದಳು. ಈ ಸಲ ಕುರ್ಚಿಯೊಂದನ್ನು ತಂದು ಕಟ್ಟುಗಳ ಮೇಲೆ ಹೇರಿದಳು. ಆರು ವರ್ಷದ ಕೆಲಸವನ್ನು ಎರಡು ಗಂಟೆಯಲ್ಲಿ ಮಾಡಿ ಮುಗಿಸಬೇಕಿತ್ತು.

ನಾಲ್ಕಕ್ಕೆ ಮೇಡಂ ಫೋಟೋದವರನ್ನು ಕರೆದುಕೊಂಡು ಬಂದರು. ಹಾಸಿಗೆಯಲ್ಲಿ ತಮ್ಮ, ಮೇಲೆ ಗೋಡೆಯಲ್ಲಿ ಕಂಪನಿಯ ಹೆಸರು. ಅವರ ಮುಖ ಅರಳಿತು.

“ಹಾಗೇ ಇರಿ ಸರ್, ಎಷ್ಟು ಆರಾಮಾಗಿ ಕಾಣ್ತಿದೀರಾ. ಆ ಕುರ್ಚಿ ಮಾತ್ರ ಸ್ವಲ್ಪ ತೆಗೀತೀರಾ ಮೇಡಂ?”

ಅಕ್ಕ ಕುರ್ಚಿ ತೆಗೆದಳು. ಕ್ಯಾಮೆರಾ ನಾಲ್ಕು ಸಲ ಮಿಂಚಿತು. ಅವರೆಲ್ಲ ಹೊರಗೆ ಹೋದ ಮೇಲೆ ಅವಳು ಗೋಡೆಯತ್ತ ನಡೆದು, ತನ್ನ ಹೆಸರಿನ ಅಕ್ಷರಗಳನ್ನು ಉಗುರಿನಿಂದ ಕೀಳತೊಡಗಿದಳು. ಕೀಳುತ್ತಲೇ ಕೇಳಿದಳು.

“ಎಷ್ಟು ಜನ ಬಂದಿದ್ರು ಅಂದೆ?”

“ಏಳು.”

“ಒಂದು ಹಾಸಿಗೆಗೆ ಏಳು ಜನಾನಾ?”

“ನಾಲ್ಕು ಇರಬೇಕು. ಆ ಗಲಾಟೆಲಿ ಯಾರು ಎಣಿಸ್ತಾರೆ ಅಕ್ಕ?”

“ಕಾವಲಿನವರು ಒಬ್ಬನೇ ಬಂದಿದ್ದು ಅಂದ್ರು.”

ತಮ್ಮ ಸೊಂಟದ ಮೇಲಿನ ಕಟ್ಟನ್ನು ಸರಿಮಾಡಿಕೊಂಡ.

“ಒಬ್ಬನ ಕೈಲಿ ಅಷ್ಟು ದೊಡ್ಡ ಹಾಸಿಗೆ ಇಳಿಸಕ್ಕಾಗಲ್ವಲ್ಲ. ಇನ್ನೊಂದು ತುದಿ ಯಾರು ಹಿಡಿದಿದ್ರು?”

“ನಾನು.”

ಇಷ್ಟು ಹೊತ್ತೂ ತಮ್ಮ, ತಮ್ಮ ಎಂದು ಇನ್ಯಾರನ್ನೋ ಮುಂದೆ ಬಿಟ್ಟುಕೊಂಡು ಬಂದೆ. ಇನ್ನು ಅದು ನಡೆಯುವುದಿಲ್ಲ. ನಾನೇ. ನಾನು ಗುಡುಗಲಿಲ್ಲ, ಭಾಷಣವನ್ನೂ ಮಾಡಲಿಲ್ಲ. ಮೇಡಂ ಒಂದು ಒಪ್ಪಿಗೆಯ ಹಾಳೆ ಕೊಟ್ಟರು. ಪೂರ್ತಿ ಓದಿದೆ. ಹತ್ತಿ ಹಿಂಜಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ‘ಕಲಾವಿದರ ಪರವಾಗಿ’ ಎಂದಿದ್ದ ಕಡೆ ಸಹಿ ಹಾಕಿದೆ. ಯಾಕೆಂದರೆ ಅವರು ಮಾತಿಗೊಮ್ಮೆ ಸರ್ ಎನ್ನುತ್ತಿದ್ದರು. ನನ್ನನ್ನು ಹಾಗೆ ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆಮೇಲೆ ಬಂದವನ ಜೊತೆ ಹಾಸಿಗೆಯ ಒಂದು ತುದಿ ಹಿಡಿದು, ನಿಧಾನಪ್ಪ, ಬಾಗಿಲಿಗೆ ತಗಲೀತು ಎನ್ನುತ್ತಾ ಮೆಟ್ಟಿಲಿಳಿದೆ.

ಇದನ್ನೆಲ್ಲ ಮಲಗಿದಲ್ಲಿಂದಲೇ ಅಕ್ಕನಿಗೆ ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಹೊರಗೆ ಕಾರುಗಳು ಬಂದು ನಿಲ್ಲುವ ಸದ್ದಾಗುತ್ತಿತ್ತು.

“ಇನ್ನೂ ಅರ್ಧ ಗಂಟೆ ಇದೆ,” ಎಂದು ಮತ್ತೆ ಬಂದು ನನ್ನ ಪಕ್ಕ ಮಂಡಿಯೂರಿದಳು. “ಅಮ್ಮ ಮಲಗ್ತಿದ್ದ ಮಗ್ಗುಲಿಗೆ ತಿರುಗು.”

ನಾನು ಎಡಕ್ಕೆ ತಿರುಗಿದೆ. ಅಕ್ಕ ಸುಮ್ಮನೆ ನೋಡುತ್ತಿದ್ದಳು. ಬಲಕ್ಕೆ ತಿರುಗಿದೆ. ಆಗಲೂ ಸುಮ್ಮನೆ ನೋಡುತ್ತಿದ್ದಳು.

“ನಂಗೊತ್ತಿಲ್ಲ ಅಕ್ಕ,” ಎಂದೆ. “ಆರು ವರ್ಷದಲ್ಲಿ ನಾನು ಬಂದಿದ್ದು ನಾಲ್ಕೇ ಸಲ. ನಾಲ್ಕೂ ಸಲ ಬಾಗಿಲಲ್ಲೇ ನಿಂತು ಮಾತಾಡಿ ಹೋಗಿಬಿಟ್ಟೆ.”