ದೋಣಿಯಿಂದ ಕಂಡ ದಡ

ಅಯ್ಯೋ ನೆಲ ಜಾರುತ್ತಿದೆ, ಟಿವಿಯೊಳಗೆ — ಈಗಷ್ಟೇ ಬೆಂಕಿ ಹೊಗೆ ಇದ್ದಲ್ಲಿ ಒಂದು ದಡ, ನೀರಿನಂಚಿಗೆ ನೊರೆಯ ಬಿಳಿ ಗೆರೆ, ನೋಡನೋಡುತ್ತ ಅದೂ ಸಣ್ಣದಾಗುತ್ತಿದೆ, ಅಮೆರಿಕದ್ದಾದರೇನು, ನಮ್ಮ ತದಡಿಯ ದಡದ ಹಾಗೇ ಇದೆ, ಮಗಳು ಪ್ರಿಯಾ ಕೂತಲ್ಲೇ ಕುಣಿಯುತ್ತಾಳೆ, ರಾಕೆಟ್ಟಿನ ಮೈಗೇ ಕ್ಯಾಮರಾ ಕಟ್ಟಿದಾರೆ ಅಮ್ಮ, ಏಳು ಜನ ಇದಾರೆ ಒಳಗೆ, ಹೋಗ್ತಾ ಎಂತಾದ್ರೂ ಕಳಚಿ ಬೀಳ್ತದಾ ನೋಡೂಕೆ, ಎರಡು ವರ್ಷದ ಹಿಂದೆ ಹೋದವರು ತಿರುಗಿ ಬರಲೇ ಇಲ್ಲ ಅಲ್ಲ, ಅದ್ಕೆ. ಮೈದುನ ಭಾಸ್ಕರ ನಗುತ್ತಾನೆ, ನಮ್ಮ ದೋಣಿಗೂ ಒಂದು ಕಟ್ಬೇಕಾಗಿತ್ತು ಅತ್ತಿಗೆ, ಅಣ್ಣ ದಡದಲ್ಲಿ ಎಂತೆಂತ ಬಿಟ್ಟು ಬರ್ತಾನೆ ಅಂತ ಗೊತ್ತಾಗ್ತಿತ್ತು, ನಗುತ್ತಲೇ ಬಲಗೈಯಲ್ಲಿ ಉಳಿದ ಎರಡು ಬೆರಳಿನ ನಡುವೆ ಚಾದ ಲೋಟ ಸಿಕ್ಕಿಸಿಕೊಂಡು ಹೀರುತ್ತಾನೆ, ನಾನು ನೋಡುವುದಿಲ್ಲ, ಏಳು ವರ್ಷದಿಂದ ಆ ಕೈ ನೋಡದೆಯೇ ಅವನಿಗೆ ಬಡಿಸುತ್ತೇನೆ. ಅತ್ತೆ ದುರ್ಗಮ್ಮನಿಗೆ ಅಷ್ಟೇ ಸಾಕು, ಮರೆಗುಳಿ ಹೆತ್ತೆ ನಾನು, ಎಣ್ಣೆ ಯಾವ್ದು ನೀರು ಯಾವ್ದು ತಿಳೀದವ, ತಮ್ಮನ ಬೆರಳು ತಿಂದವ — ನನ್ನ ಗಂಡ ದಾಸ ತಲೆ ಎತ್ತುವುದಿಲ್ಲ, ಮಳೆಗಾಲ, ದೋಣಿ ದಡದ ಮೇಲಿದೆ, ಬಾಗಿಲ ಬದಿ ಕೂತು ಬಲೆಯ ಹರಕು ಹೊಲಿಯುತ್ತಾನೆ, ಹೌದು ಆಯಿ, ಮರೆತೆ ಆಯಿ, ಅನ್ನುತ್ತಾನೆ, ಯಾವಾಗಲೂ ಅಷ್ಟೇ.

ಮೂರೂ ಕ್ಯಾನು ನೀಲಿಯೇ ಆಗಿದ್ದವು ಅವತ್ತು, ಎರಡರಲ್ಲಿ ನೀರು, ಒಂದರಲ್ಲಿ ಇಂಜಿನ್ನಿನ ಸೀಮೆಎಣ್ಣೆ, ಎಣ್ಣೆಯದರ ಬಾಯಿಗೆ ಕೆಂಪು ಚಿಂದಿ ಸುತ್ತಿದವಳು ನಾನೇ, ದೋಣಿಗೆ ಒಂದು ನೀರು ಒಂದು ಎಣ್ಣೆ, ಇನ್ನೊಂದು ನೀರು ನನಗೆ, ಬಿಸಿಲಲ್ಲಿ ಮೀನು ಒಣಗಿಸುವಾಗ ಕುಡಿಯಲು. ನಾಲ್ಕು ದಿನದಿಂದ ಬಲೆಗೆ ಏನೂ ಬಿದ್ದಿರಲಿಲ್ಲ, ದಾಸ ನನ್ನ ಕಡೆ ಕೈ ಮಾಡಿ ಎಲ್ಲರೆದುರು ಅಂದ, ಬೀಳೂದು ಹ್ಯಾಂಗೆ ಮಾರಾಯ, ಸುಬ್ಬಿ ಮೊಕ ಕಂಡು ಹೊರಟ್ರೆ ಬಲೆಗೆ ಬರೀ ಕಸ, ದಡವೆಲ್ಲ ನಕ್ಕಿತು, ಭಾಸ್ಕರನೂ ನಕ್ಕ, ಆ ನಗುವಿನಲ್ಲೇ ದಾಸ ಎರಡು ಕ್ಯಾನು ಎತ್ತಿಕೊಂಡು ಹೋದ, ಎರಡೂ ನೀರಿನವು. ಚಿಂದಿ ಸುತ್ತಿದ್ದು ನನ್ನ ಕಾಲ ಬುಡದಲ್ಲೇ ಉಳಿದಿತ್ತು. ಅಣ್ಣತಮ್ಮ ಇನ್ನೂ ಸೊಂಟದ ನೀರಲ್ಲಿ ದೋಣಿ ತಳ್ಳುತ್ತಿದ್ದರು, ಒಂದು ಕೂಗಿನಷ್ಟು ದೂರ, ಬಾಯಿ ತೆರೆದೆ — ಕಡಲಿಗೆ ಹೊರಟವರನ್ನು ಹಿಂದಿನಿಂದ ಕರೆಯಬಾರದು, ಆ ಮಾತು ಎಷ್ಟು ಬೇಗ ನೆನಪಾಯಿತು, ಎಷ್ಟು ಚೆಂದದ ನೆಪ, ತೆರೆದ ಬಾಯಿ ಮುಚ್ಚಿದೆ. ಕಟ್ಟಳೆಗಾಗಿ ಅಲ್ಲ. ಟಾಂಕಿಯಲ್ಲಿ ಉಳಿದ ಎಣ್ಣೆ ತೀರಿ ಅರ್ಧ ದಾರಿಯಲ್ಲಿ ಇಂಜಿನ್ ನಿಲ್ಲಲಿ, ಹುಟ್ಟು ಹಾಕಿಕೊಂಡು ವಾಪಸು ಬರಲಿ, ಆಗ ದಡ ಯಾರನ್ನು ನೋಡಿ ನಗುತ್ತದೋ ನೋಡೋಣ, ಅಷ್ಟೇ ಬೇಕಿತ್ತು ನನಗೆ, ದೇವರಾಣೆ ಅಷ್ಟೇ. ಇಂಜಿನ್ ನಿಂತದ್ದು ಮಾತ್ರ ಅಳಿವೆಯ ಬಾಯಲ್ಲಿ, ತೆರೆ ಎತ್ತಿ ಬಂಡೆಗೆ ಒಗೆಯುವಾಗ ಭಾಸ್ಕರ ದೋಣಿ ಉಳಿಸಲು ಬಂಡೆಗೆ ಕೈ ಅಡ್ಡ ಕೊಟ್ಟ.

ನಾ ಕ್ಯಾನು ಕಂಡಾಗ ದೋಣಿ ದೂರ ಹೋಗಿಬಿಟ್ಟಿತ್ತು ಅಂದೆ, ಕೇಳಿದವರಿಗೆಲ್ಲ. ಅವಳದೆಂತ ತಪ್ಪು, ಹತ್ರ ಇದ್ರೂ ಹಿಂದಿಂದ ಕರೆಯೂಕೆ ಬರ್ತದಾ, ಅಂತ ಅತ್ತೆ ನನ್ನ ಬೆನ್ನು ಸವರಿದರು, ಆ ಸವರಿದ್ದು ಇನ್ನೂ ಬೆನ್ನಲ್ಲಿ ಉರಿಯುತ್ತದೆ. ಬೆಳಕೆ ಊರಲ್ಲಿ ಭಾಸ್ಕರನಿಗೆ ನೋಡಿದ್ದ ಹುಡುಗಿಯ ಮನೆಯವರು ಆಸ್ಪತ್ರೆಗೆ ಬಂದು, ಕೈ ನೋಡಿ, ಬಾಳೆಹಣ್ಣು ಇಟ್ಟು ಹೋದವರು ಮತ್ತೆ ಬರಲಿಲ್ಲ. ಈಗ ಹೇಳಿಬಿಡಲೇ, ಅತ್ತೆ, ನಿಮ್ಮ ದೊಡ್ಡ ಮಗಂದಲ್ಲ ತಪ್ಪು, ನಾ ಕಂಡಿದ್ದೆ — ನಾಲ್ಕು ಮಾತು, ನಾಲಗೆಯ ತುದಿಗೆ ಬಂದಿವೆ, ಬಿತ್ತು ಬಿತ್ತು ಎಂತದೋ ಚೂರು ಬಿತ್ತು ನೋಡಿದ್ಯಾ ಅಮ್ಮ, ಪ್ರಿಯಾ ಚೀರುತ್ತಾಳೆ, ಅತ್ತೆ ಕಣ್ಣು ಕಿರಿದು ಮಾಡಿ ಮುಂದೆ ಬಾಗುತ್ತಾರೆ, ದಾಸನೂ ಸೂಜಿ ನಿಲ್ಲಿಸಿ ಟಿವಿ ನೋಡುತ್ತಾನೆ, ದೂರವಾಗುವ ದಡವನ್ನು, ಬಹಳ ಹೊತ್ತು, ಆಮೇಲೆ ನನಗೊಬ್ಬಳಿಗೇ ಕೇಳುವ ಹಾಗೆ, ದೋಣಿಲಿ ಕೂತ್ರೂ ಹಿಂಗೇ ಕಾಣ್ತದೆ ಸುಬ್ಬಿ, ಅವತ್ತೂ ಕಂಡಿತ್ತು, ನೀನು, ನಿನ್ನ ಕಾಲ ಬದಿ ಕ್ಯಾನು. ಎಣ್ಣೇದೇ ಉಳೀತಾ ಅಂತ ಒಂದ್ಸಲ ಅನ್ನಿಸ್ತು. ಎಣ್ಣೇದಾದ್ರೆ ಸುಬ್ಬಿ ಕರೀದೇ ಇರ್ತಾಳಾ ಅಂತ ಇಂಜಿನ್ ಹಗ್ಗ ಎಳೆದೆ. ಅಷ್ಟು ಹೇಳಿ ಮತ್ತೆ ಸೂಜಿ ಎತ್ತಿಕೊಳ್ಳುತ್ತಾನೆ, ಸಿಟ್ಟಿಲ್ಲ, ದನಿಯಲ್ಲಿ ಏನೂ ಇಲ್ಲ, ಏಳು ವರ್ಷ ಹೌದು ಆಯಿ ಮರೆತೆ ಆಯಿ ಅಂದದ್ದು ಇದೇ ದನಿಯಲ್ಲಿ, ಗೊತ್ತಿತ್ತು ಅವನಿಗೆ, ಅಂದರೆ ಗೊತ್ತಿತ್ತು, ಕರೀದೇ ಇರ್ತಾಳಾ, ಟಿವಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಕರೀದೇ ಇರ್ತಾಳಾ — ನೀರಿನ ಕಡೆಯಿಂದ ಕಾಣುತ್ತಿದೆ ಈಗ, ಮರಳ ಮೇಲೆ ಒಬ್ಬ ಹೆಂಗಸು, ಕಾಲ ಬದಿಗೆ ನೀಲಿ, ಸಣ್ಣದಾಗುತ್ತ, ಇನ್ನೂ ಸಣ್ಣದಾಗುತ್ತ, ಬಾಯಿ ಮುಚ್ಚಿಕೊಂಡು