ಲಿಂಗಕ್ಕೆ ಸೋಸಿದ ನೀರು

ದುಂಡಪ್ಪನ ಮೀನಖಂಡದಿಂದ ಹೊರಬರುತ್ತಿದ್ದ ನಾರುಹುಳ ಅರ್ಧಕ್ಕೇ ಕಡಿದುಹೋಯಿತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೇ ಎಳೆಯುತ್ತಿದ್ದ ಊರಿನ ನಾಟಿವೈದ್ಯ ಬಂದಗಿಸಾಬ ತಲೆಯಾಡಿಸಿ ಎದ್ದುಹೋದ. ಒಳಗುಳಿದ ತುಂಡು ಕೊಳೆಯಿತು, ಕಾಲು ಬಾತು ಕಪ್ಪಾಯಿತು. ಬಿತ್ತುವ ಮಳೆ ಬೀಳುವ ಹೊತ್ತಿಗೆ ದುಂಡಪ್ಪ ಮಣ್ಣಿನಲ್ಲಿದ್ದ.

ಹೆಂಡತಿ ಕೆಂಚವ್ವನಿಗೆ ಉಳಿದವರು ಅತ್ತೆ ಅಕ್ಕವ್ವ ಮತ್ತು ಸಣ್ಣ ಮಗಳು ಯಮನವ್ವ. ಉಳಿದ ಚಿಂತೆಯೂ ಒಂದೇ: ಆ ಹುಳ ಮಗಳಿಗೆ ಬರಬಾರದು.

ಹುಕ್ಕೇರಿ ಕಡೆಯ ಆ ಊರಿಗೆ ಇದ್ದದ್ದು ಒಂದೇ ಮೆಟ್ಟಿಲಬಾವಿ. ಮಂದಿ ಮೊಣಕಾಲುಮಟ್ಟ ನೀರಿಗಿಳಿದು ಕೊಡ ಮುಳುಗಿಸುತ್ತಿದ್ದರು. ವಾಂತಿಭೇದಿಯ ಪಟಕಿ ಬೇನೆ ಬಂದ ವರ್ಷ ಸರಕಾರದವರು ಬಾವಿಗೆ ಕೆಂಪು ಪುಡಿ ಹಾಕಿ ಹೋಗಿದ್ದರು. ನಾರುಹುಳಕ್ಕೆ ಯಾರೂ ಬರಲಿಲ್ಲ. ಕೆಂಚವ್ವನ ತವರು ಮಸಗುಪ್ಪಿ. ಅಲ್ಲಿ ಕುಡಿದದ್ದು ಹೊಳೆಯ ನೀರು. ಲಗ್ನವಾಗಿ ಬಂದ ವರ್ಷ ಅವಳಿಗೆ ಏನೂ ಆಗಲಿಲ್ಲ. ಮರುವರ್ಷ ಪಾದದಲ್ಲಿ ಹುಳ ಹೊರಬಿತ್ತು.

ಗಂಡ ಉರಿ ತಾಳದೆ ಬಾವಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದ. ನೀರು ತಾಗಿದೊಡನೆ ಹುಣ್ಣಿನಿಂದ ಹಾಲಿನಂಥದ್ದು ಒಸರಿ ಹರಡುವುದನ್ನು ಅವಳು ಕಂಡಿದ್ದಳು. ಕಂಡೂ ಅಲ್ಲೇ ಕೊಡ ತುಂಬಿಕೊಂಡು ಬಂದಿದ್ದಳು.

ಅಕ್ಕವ್ವನಿಗೆ ಮಾತ್ರ ಎಂದೂ ನಾರು ಆಗಿರಲಿಲ್ಲ. "ದಿನಾ ಲಿಂಗಪೂಜಿ ಮಾಡ್ತಾಳ, ಆಕಿಗೆ ಹ್ಯಾಂಗ ಬರತೈತಿ?" ಎನ್ನುತ್ತಿದ್ದರು ಊರವರು. ಕೆಂಚವ್ವ ಒಪ್ಪಲಿಲ್ಲ. ಲಿಂಗ ದುಂಡಪ್ಪನ ಕೊರಳಲ್ಲೂ ಇತ್ತು. ಅತ್ತೆ ಪೂಜೆಯ ನೀರನ್ನು ನಾಲ್ಕು ಪದರದ ಅರಿವೆಯಲ್ಲಿ ಸೋಸಿ, ಕುಡಿಯಲಿಕ್ಕೂ ಅದನ್ನೇ ತಂಬಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಉಳಿದವರು ಕೊಡದಿಂದ ಹಾಗೇ ಮೊಗೆದು ಕುಡಿಯುತ್ತಿದ್ದರು.

"ಅತ್ತಿ, ಆ ಅರಿವಿ ಕೊಡ್ರಿ. ಕೂಸಿನ ನೀರೂ ಸೋಸ್ತೀನಿ."

"ಲಿಂಗದ ಅರಿವಿ ಅದು. ಹಾಸಗ್ಯಾಗ ಉಚ್ಚಿ ಹೊಯ್ಯೋ ಕೂಸಿಗೆ ಎಲ್ಲಿ ಮಡಿ? ಹೊಳಿ ದಂಡಿಯಿಂದ ಬಂದಾಕಿ ನಮಗ ನೀರು ಕುಡ್ಯಾಕ ಕಲಸ್ತಾಳ!"

ಕೆಂಚವ್ವ ತನ್ನ ಸೀರೆಯ ಸೆರಗನ್ನೇ ಹರಿದು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿದಳು. ಮಳೆಗಾಲ ಹೋಯಿತು, ಸುಗ್ಗಿ ಹೋಯಿತು. ಸೋಸದ ಒಂದು ಗುಟುಕನ್ನೂ ಮಗಳಿಗೆ ಕೊಡಲಿಲ್ಲ.

ಬೇಸಿಗೆಯಲ್ಲಿ ಯಮನವ್ವನ ಹಿಮ್ಮಡಿಯ ಮೇಲೆ ಬೊಬ್ಬೆ ಎದ್ದಿತು. ಒಡೆದಾಗ ಬಿಳಿ ದಾರದಂಥ ಹುಳದ ತುದಿ ಕಂಡಿತು.

"ಸೋಸಿದ್ಯಲ್ಲ, ಏನು ಕಿತ್ತಿ?" ಎಂದಳು ಅಕ್ಕವ್ವ. ಅನ್ನುತ್ತಲೇ ಅತ್ತಳು.

ಕೆಂಚವ್ವನಿಗೆ ತನ್ನ ಪಾದ ನೆನಪಾಯಿತು. ಕುಡಿದದ್ದು ಒಂದು ವರ್ಷ, ಹೊರಬಿದ್ದದ್ದು ಮರುವರ್ಷ. ಇದು ಸೆರಗು ಹರಿಯುವ ಮೊದಲಿನ ನೀರು. ದುಂಡಪ್ಪ ಕಾಲು ಇಳಿಬಿಟ್ಟಿದ್ದ ನೀರು, ಅವಳೇ ಹೊತ್ತು ತಂದು ಕುಡಿಸಿದ ನೀರು.

ಕೂಸು ಉರಿಯಿಂದ ಚೀರುತ್ತಿತ್ತು. ಅಕ್ಕವ್ವ ಮೊಮ್ಮಗಳನ್ನು ಎತ್ತಿಕೊಂಡು ಬಾವಿಗೆ ನಡೆದಳು. ಕೆಂಚವ್ವ ಬೆನ್ನಟ್ಟಿ, ಇನ್ನೇನು ಕಾಲು ಅದ್ದಬೇಕು ಅನ್ನುವಾಗ ಕಸಿದುಕೊಂಡಳು.

"ಬಿಡ, ಕೂಸು ಸುಡಾಕತ್ತೈತಿ!"

"ಸುಡ್ಲಿ. ಮನಿಯಾಗ ಹೊಯ್ತೀನಿ ನೀರು."

"ತಾಯಿ ಅದಿಯೋ, ದೆವ್ವ ಅದಿಯೋ?" ಕೊಡ ತುಂಬುತ್ತಿದ್ದ ಶೆಟ್ಟೆವ್ವ ಉಗುಳಿದಳು.

ಮನೆಯಲ್ಲಿ ಪರಾತದ ಮೇಲೆ ಕಾಲು ಹಿಡಿದು ನೀರು ಹೊಯ್ದಳು. ಅದೇ ಹಾಲು ಒಸರಿತು. ಪರಾತವನ್ನು ಒಯ್ದು ತಿಪ್ಪೆಗೆ ಚೆಲ್ಲಿದಳು. ಮತ್ತೆ ಹೊಯ್ದಳು, ಮತ್ತೆ ಚೆಲ್ಲಿದಳು. ಕೊಡ ಬರಿದಾಯಿತು.

ಬಾವಿಗೆ ಬಂದಾಗ ಬಾಜೂಮನೆಯ ರಾಜಪ್ಪ ಕೆಳಗಿನ ಮೆಟ್ಟಿಲಲ್ಲಿ ಹುಣ್ಣಿನ ಕಾಲು ಮುಳುಗಿಸಿ, ಕಣ್ಣು ಮುಚ್ಚಿ ಕೂತಿದ್ದ.

"ಕಾಲು ತಗೀ ಅಣ್ಣಾ. ಕುಡಿಯೋ ನೀರು ಅದು."

ರಾಜಪ್ಪ ಕಣ್ಣು ತೆರೆದ. "ನಿನ್ನ ಗಂಡ ತಗದಿದ್ನೇನವಾ?"

ಬೇರೆ ಬಾವಿ ಇರಲಿಲ್ಲ. ಅವನಿಂದ ದೂರದ ಮೂಲೆಗೆ ಹೋಗಿ ಕೊಡ ಮುಳುಗಿಸಿದಳು. ಮನೆಗೆ ಬಂದು ಸೆರಗಿನ ತುಂಡನ್ನು ಇನ್ನೊಂದು ಮಡಿಕೆ ಹೆಚ್ಚು ಮಡಿಸಿದಳು.